ಈ ವಾರದ ಗುಟ್ಟು

ಪಾರ್ಸೆಲ್ ತಲುಪಿದೆ ಎಂದು ಮೊಬೈಲ್ ಹೇಳಿ ಎರಡು ದಿನವಾಗಿತ್ತು. ಪಾರ್ಸೆಲ್ ಮಾತ್ರ ಪತ್ತೆಯಿಲ್ಲ. ಟೈಲರಮ್ಮ ಎದುರುಮನೆಯವರನ್ನು ಕೇಳಿದ್ದಾಯಿತು, ಮೆಟ್ಟಿಲ ಕೆಳಗೆ ಟಾರ್ಚ್ ಬಿಟ್ಟು ನೋಡಿದ್ದಾಯಿತು. ಕೊನೆಗೆ ಕೆಳಮನೆಯ ಅಜ್ಜಿಯನ್ನೂ ಕೇಳಿದಳು. ಆ ಕಟ್ಟಡದಲ್ಲಿ ಯಾರ ಪಾರ್ಸೆಲ್ ಬಂದರೂ ಕೈಚಾಚುವುದು ಅಜ್ಜಿಯೇ. ತಂದವರನ್ನು ಕೂರಿಸಿ, ನೀರು ಕೊಟ್ಟು, ಮನೆಮಂದಿಯನ್ನೆಲ್ಲ ವಿಚಾರಿಸಿಕೊಂಡೇ ಬಿಡುವ ಜೀವ ಅದು.

"ನನ್ನ ಕಣ್ಣು ತಪ್ಪಿಸಿ ಇಲ್ಲಿಗೆ ಒಂದು ಕಾಗದಾನೂ ಬರಲ್ಲ ಕಣೇ. ನನ್ನನ್ನೇ ಕೇಳ್ತೀಯಲ್ಲ!" ಎಂದು ಅಜ್ಜಿ ಮುಖ ಊದಿಸಿಕೊಂಡರು.

ಕಳೆದದ್ದೇನು ಮಹಾ? ಮಗಳಿಗೆಂದು ತರಿಸಿದ ಒಂದು ಜೊತೆ ಕೆಂಪು ಶೂ. ಹಳೆಯದರ ತುದಿ ಕಿತ್ತು ಹೆಬ್ಬೆರಳು ಇಣುಕುತ್ತಿತ್ತು. ಆರು ವರ್ಷದ ಹುಡುಗಿ, ಬಣ್ಣ ತಾನೇ ಆರಿಸಿ, ಅಮ್ಮನ ಬೆರಳು ಹಿಡಿದು ಮೊಬೈಲಿನಲ್ಲಿ ತಾನೇ ಒತ್ತಿಸಿದ್ದಳು. ಶೂ ಹೋದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ತನ್ನ ವಿಳಾಸ ಬರೆದ ಡಬ್ಬ ಯಾರದೋ ಕೈಯಲ್ಲಿದೆ ಎಂದರೆ ಈ ಹೆಂಗಸಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮೂರು ವರ್ಷದ ಹಿಂದೆ ಮಗುವನ್ನು ಎತ್ತಿಕೊಂಡು, ಉಟ್ಟ ಬಟ್ಟೆಯಲ್ಲೇ ಗಂಡನ ಮನೆಯಿಂದ ಓಡಿಬಂದವಳು ಅವಳು. ಬಾಗಿಲಿಗೆ ಸಿಕ್ಕಿಸಿ ಅವನು ಜಜ್ಜಿದ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. "ಎಲ್ಲಿ ಅಡಗಿದ್ರೂ ಹುಡುಕ್ತೀನಿ. ಮಗೂನ ಎತ್ಕೊಂಡು ಹೋಗ್ತೀನಿ. ಆಮೇಲೆ ಅದರ ಮುಖ ನೋಡೋ ಆಸೆ ಬಿಟ್ಟುಬಿಡು" ಎಂದಿದ್ದ. ಹೇಳಿದ್ದನ್ನು ಮಾಡುವ ಪೈಕಿ ಆ ಪುಣ್ಯಾತ್ಮ.

ಅಪ್ಪನ ಮುಖ ಮಗುವಿಗೆ ನೆನಪಿಲ್ಲ. ಕೆಲಸ ಮುಗಿಯದ ದಿನ ತಾಯಿಯ ಹೊಲಿಗೆ ಅಂಗಡಿಯವರು ಯಾರಾದರೂ ಅವಳನ್ನು ಶಾಲೆಯಿಂದ ಕರೆತರುತ್ತಿದ್ದರು. ಅದಕ್ಕೇ ತಾಯಿ ಒಂದು ಉಪಾಯ ಮಾಡಿದ್ದಳು. ಪ್ರತಿ ಸೋಮವಾರ ಇಬ್ಬರೂ ಕೂತು ತಮ್ಮಿಬ್ಬರಿಗೇ ಗೊತ್ತಿರುವ ಒಂದು ಗುಟ್ಟು ಆರಿಸಬೇಕು. ಕರೆಯಲು ಬಂದವರು ಆ ಗುಟ್ಟು ಹೇಳಿದರೆ ಮಾತ್ರ ಜೊತೆಗೆ ಹೋಗಬೇಕು. "ಮುಖ ನೋಡಿ ನಂಬಬೇಡ, ಗುಟ್ಟು ಕೇಳು" ಎಂದು ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದಳು. ಹೋದ ವಾರದ ಗುಟ್ಟು, ಗೊಂಬೆಗೆ ಒಂದೇ ಕಿವಿ.

ಮೂರನೆಯ ದಿನ ಮಧ್ಯಾಹ್ನ, ಅಂಗಡಿಯಲ್ಲಿ ಮಿಷನ್ ನಿಲ್ಲಿಸಿ, ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಸಿಕ್ಕಳು.

"ಮೇಡಂ, ಬಾಗಿಲ ಮುಂದೆ ತೆಗೆದ ಫೋಟೊ ಕಳಿಸಿದೀನಿ, ನೋಡಿ."

ನೋಡಿದಳು. ನೀಲಿ ಬಾಗಿಲು. ಅದರ ಕೆಳಗಿನ ಹಲಗೆಯಲ್ಲಿ ಗಂಡ ಒದ್ದು ಬಿಟ್ಟ ಸೀಳು.

"ಇದು... ಇದು ನನ್ನ ಮನೆ ಅಲ್ಲ."

"ನಿಮ್ಮದೇ ಹಳೇ ಖಾತೆ ಮೇಡಂ. ಹೊಸ ವಿಳಾಸಾನ ಬಿಲ್ಲಿನ ಜಾಗದಲ್ಲಿ ತುಂಬಿದೀರಿ. ತಲುಪಿಸೋ ಜಾಗದಲ್ಲಿ ಹಳೇದೇ ಉಳ್ಕೊಂಡಿದೆ."

"ಆ ಬಿಲ್ಲು ಎಲ್ಲಿರುತ್ತೆ?"

"ಡಬ್ಬದ ಒಳಗೇ ಇರುತ್ತೆ ಮೇಡಂ," ಎಂದಳು ಆಕೆ ನಯವಾಗಿ. "ಬೇರೇನಾದ್ರೂ ಸಹಾಯ ಬೇಕಿತ್ತಾ?"

ಅಯ್ಯೋ, ಎಂಥಾ ಕೆಲಸ ಮಾಡಿಕೊಂಡೆ! ಕೈಯಾರೆ ವಿಳಾಸ ಬರೆದು, ಮಗಳ ಕಾಲಿನ ಅಳತೆಯ ಸಮೇತ ಅವನ ಮನೆಗೆ ಕಳಿಸಿದಂತಾಯಿತಲ್ಲ. ಗಾಡಿ ಹತ್ತಿದರೆ ಅವನ ಊರಿನಿಂದ ಇಲ್ಲಿಗೆ ಒಂದು ದಿನದ ದಾರಿ. ಅವನಿಗೆ ಎರಡು ದಿನ ಸಿಕ್ಕಿತ್ತು.

ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಕೆಳಮನೆಯ ಅಜ್ಜಿ.

"ಏನೇ, ಸುಮ್ಮನೆ ಒದ್ದಾಡಿದೆಯಲ್ಲ! ನಿನ್ನ ಪಾರ್ಸೆಲ್ ಬಂತು. ನಿಮ್ಮಣ್ಣಾನೇ ತಂದುಕೊಟ್ಟ."

ಅವಳಿಗೆ ಅಣ್ಣ ಇಲ್ಲ.

"ಎಷ್ಟು ಒಳ್ಳೇ ಮಾತುಗಾರ ಕಣೇ. ಮಗೂ ಸ್ಕೂಲ್ ಯಾವುದು, ಎಷ್ಟು ಹೊತ್ತಿಗೆ ಬಿಡ್ತಾರೆ ಅಂತೆಲ್ಲ ಕೇಳಿದ, ಹೇಳಿದೆ. ಅಲ್ಲಾ, ಡಬ್ಬ ತೆಗೆದು ನೋಡಿದೆ, ಒಂದೇ ಶೂ ಇದೆಯಲ್ಲೇ? ಎಡಗಾಲಿಂದು?"

ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತೈದು. ಮೂರೂವರೆಗೆ ಶಾಲೆ ಬಿಡುತ್ತದೆ. ನಡೆದರೆ ಅರ್ಧ ಗಂಟೆಯ ದಾರಿ. ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿರುವಂತೆಯೇ ಬೀದಿಗೆ ಬಿದ್ದು ಓಡಿದಳು. ಓಡುತ್ತಲೇ ಶಾಲೆಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಮಗಳು ಹೋಗುವುದಿಲ್ಲ, ಗುಟ್ಟು ಕೇಳದೆ ಕದಲುವುದಿಲ್ಲ, ಅಷ್ಟು ಹೇಳಿಕೊಟ್ಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಆಗ ಸೋಮವಾರದ ಬೆಳಗು ನೆನಪಾಯಿತು. ಜಡೆ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದ್ದಳು, "ಅಮ್ಮಾ, ಈ ವಾರದ ಗುಟ್ಟು ಏನು?" ಅವಳ ಕಿವಿಗೆ ಬಾಯಿಟ್ಟು ತಾನೇ ಪಿಸುಗುಟ್ಟಿದ್ದಳು.

ಗೇಟಿನ ಮುಂದೆ ಮಕ್ಕಳು ಕರಗಿದ್ದರು. ಕಾವಲುಗಾರ ಅವಳನ್ನು ಕಂಡು ನಕ್ಕ.

"ನಿಮ್ಮ ಮಗು ಬಲೇ ಚೂಟಿ ಬಿಡಿ ಅಮ್ಮಾ. ಆತ ಎಷ್ಟು ಕರೆದರೂ ಜಪ್ಪಯ್ಯ ಅನ್ನಲಿಲ್ಲ. 'ಗುಟ್ಟು ಹೇಳು' ಅಂತ ಒಂದೇ ಹಟ. ಆತನಿಗೇನೂ ತಿಳೀಲಿಲ್ಲ ಪಾಪ. ಸುಮ್ಮನೆ ಚೀಲದಿಂದ ಒಂದು ಕೆಂಪು ಶೂ ತೆಗೆದ ನೋಡಿ, 'ಕೆಂಪು ಶೂ! ಇದೇ ಗುಟ್ಟು, ಅಮ್ಮಾನೇ ಕಳಿಸಿದಾಳೆ' ಅಂತ ಮಗು ಅಲ್ಲೇ ಕೂತು ಹಾಕಿಸ್ಕೊಂಡು, ಆತನ ಕೈ ಹಿಡಿದು ಕುಣ್ಕೊಂಡು ಹೋಯ್ತು."

"ಯಾವ ಕಡೆ?" ಎಂದಳು.

ಗೇಟಿನ ಬುಡದಲ್ಲಿ, ತುದಿ ಕಿತ್ತ ಬಲಗಾಲಿನ ಹಳೆಯ ಶೂ ಬಿದ್ದಿತ್ತು.