ಒಬ್ಬರೇ ಕೂರುವ ಗಾಡಿ

ನಾನು ಒಂದು ಯೆಜ್ಡಿ ಮೋಟಾರ್‌ಸೈಕಲ್. ಹುಟ್ಟಿದ್ದು ಮೈಸೂರಿನ ಕಾರ್ಖಾನೆಯಲ್ಲಿ. ಆಗ ನನ್ನ ಮೈಬಣ್ಣ ಕಡುಗೆಂಪು. ಮೊದಲು ನನ್ನನ್ನು ಕೊಂಡವರು ಕುಂದಗೋಳದ ದನದ ಡಾಕ್ಟರು. ಎಲ್ಲೋ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಸುದ್ದಿ ಬಂದರೆ ಸಾಕು, ಎರೆಮಣ್ಣಿನ ಹಾದಿಯಲ್ಲಿ ನಾವಿಬ್ಬರೂ ಓಡುತ್ತಿದ್ದೆವು. ಅವರಿಗೆ ವಯಸ್ಸಾದ ಮೇಲೆ ಹಾಲು ಮಾರುವ ಮಾಬೂಸಾಬರ ಕೈಗೆ ಬಂದೆ. ಎರಡೂ ಪಕ್ಕಕ್ಕೆ ಕ್ಯಾನು ಹೊತ್ತು ಹೊತ್ತು ಒಂದು ದಿನ ಎಂಜಿನ್ ಜಾಮ್ ಆಯಿತು. ಹುಬ್ಬಳ್ಳಿಯ ಗುಜರಿ ಅಂಗಡಿ ಸೇರಿದೆ.

ಅಲ್ಲಿ ನನ್ನನ್ನು ಕಂಡವನು ಮೆಕ್ಯಾನಿಕ್ ಮೌನೇಶ ಬಡಿಗೇರ. ಕೈಗಾಡಿಯ ಮೇಲೆ ಹಾಕಿಕೊಂಡು ಮನೆ ಮುಂದಿನ ತನ್ನ ಶೆಡ್ಡಿಗೆ ತಂದ. ಅವನ ಹೆಂಡತಿ ಕಾಳಮ್ಮ ಅದೇ ಶೆಡ್ಡಿನಲ್ಲಿ ಗಾಡಿಗಳ ಸೀಟು ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು.

"ಇದಕ್ಕಿನ್ನಾ ಜೀವ ಐತೇನ್ರಿ?"

"ನೋಡ್ತಿರು. ಕೆಫೆ ರೇಸರ್ ಮಾಡ್ತೀನಿ. ಹ್ಯಾಂಡಲ್ ತಗ್ಗು, ಒಂದ ಸೀಟು. ಗಾಳಿ ಸೀಳ್ಕೊಂಡು ಹೋಗಬೇಕು!"

ಮೌನೇಶ ನನ್ನ ಎಂಜಿನ್ ಬಿಚ್ಚಿ ತೊಳೆದ, ಹೊಸ ಪಿಸ್ಟನ್ ಕೂಡಿಸಿದ. ಮಡ್‌ಗಾರ್ಡ್ ಕತ್ತರಿಸಿದ. ಕಾಲಿಡುವ ರಾಡುಗಳನ್ನು ಹಿಂದಕ್ಕೆ ಸರಿಸಿದ. ಉದ್ದನೆಯ ಸೀಟು ತೆಗೆದಾಗ ನನಗೆ ಚಳಿಯಾದಂತಾಯಿತು. ಆದರೆ ಕಾಳಮ್ಮ ಬಾಲದ ಕಡೆ ಸ್ವಲ್ಪ ಉಬ್ಬಿದ, ಕಂದು ಬಣ್ಣದ ಹೊಸ ಸೀಟು ಹೊಲಿದಳು; ಹಾಗೆ ನನ್ನನ್ನು ಯಾರೂ ಸಿಂಗರಿಸಿರಲಿಲ್ಲ.

ಒಂದೊಂದು ಭಾಗ ಕೂಡಿಸಿದಾಗಲೂ ಮೌನೇಶ ಕಾಳಮ್ಮನಿಗೆ, "ಸ್ವಲ್ಪ ಮ್ಯಾಲೆ ಕೂಡು, ದೂರ ನಿಂತು ನೋಡ್ತೀನಿ," ಎನ್ನುತ್ತಿದ್ದ. ಕಾಳಮ್ಮ ಸೀರೆಯ ನಿರಿಗೆ ಎತ್ತಿ ಕಟ್ಟಿಕೊಂಡು ಕೂರುತ್ತಿದ್ದಳು. ಅವಳ ಕೈ ಮುಟ್ಟುವಲ್ಲಿ ಹ್ಯಾಂಡಲ್ ಬಿಗಿಯಾಯಿತು, ಅವಳ ಪಾದ ಸಿಗುವಲ್ಲಿ ರಾಡು ನಿಂತಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ನನಗಿತ್ತು.

ಧಾರವಾಡದಲ್ಲಿ ಹಳೆಯ ಗಾಡಿಗಳ ಮೆರವಣಿಗೆ ಇತ್ತು. ಹೊರಡುವ ಬೆಳಿಗ್ಗೆ ಮೌನೇಶ ಮೊದಲ ಸಲ ನನ್ನನ್ನೇರಿ ಮುಂದಕ್ಕೆ ಬಾಗಿದ. ಹೊಟ್ಟೆ ಟ್ಯಾಂಕಿಗೆ ಒತ್ತಿತು, ಮೊಣಕಾಲು ಹ್ಯಾಂಡಲ್ಲಿಗೆ ತಾಗಿತು, ನಡು ಹಿಡಿದುಕೊಂಡಿತು.

"ಏ ಕಾಳಿ, ನನ್ನ ಎಬ್ಬಸಽ!"

ಕಾಳಮ್ಮ ನಗುತ್ತಲೇ ಕೈಕೊಟ್ಟು ಇಳಿಸಿದಳು. ಅವನು ಕಟ್ಟೆಯ ಮೇಲೆ ಕುಸಿದು ಕೂತ. ಇಷ್ಟು ದಿನದ ದುಡಿಮೆ! ಮುಖ ಸಣ್ಣದಾಯಿತು.

"ತಮ್ಮನ್ನ ಕರೀತೀನಿ, ಅವನರ ಹೊಡೀಲಿ."

ಕಾಳಮ್ಮನ ನಗು ನಿಂತಿತು. "ನಾ ಹೊಡೀತೀನ್ರಿ," ಎಂದಳು.

"ನೀನಾ? ನಿನಗೆಲ್ಲಿ ಬರತೈತಿ?"

"ತವರಮನ್ಯಾಗ ಅಣ್ಣನ ಗಾಡಿ ಹೊಡೀತಿದ್ದೆ. ಲಗ್ನ ಆದಮ್ಯಾಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈ ಗಾಡಿ ಮ್ಯಾಲೆ ಕೂತಾಗೆಲ್ಲಾ ಕೇಳಬೇಕು ಅನಸ್ತಿತ್ತು."

ಮೌನೇಶ ಅವಳನ್ನೇ ನೋಡಿದ. ಓಣಿಯ ಬಾಗಿಲುಗಳಲ್ಲಿ ಆಗಲೇ ಜನ ನಿಂತಿದ್ದರು. ಅವನು ಎದ್ದು, ತನ್ನ ಹೆಲ್ಮೆಟನ್ನು ಅವಳ ತಲೆಗಿಟ್ಟು, ಗದ್ದದ ಕೆಳಗೆ ಪಟ್ಟಿ ಬಿಗಿದ.

"ಕ್ಲಚ್ ಸಾವಕಾಶ ಬಿಡು," ಎಂದ, ಅಷ್ಟೇ.

ಕಾಳಮ್ಮ ಕಿಕ್ ಹೊಡೆದಳು. ನಾನು ಒಂದೇ ಏಟಿಗೆ ಗುಡುಗಿದೆ. ಧಾರವಾಡದ ಹಾದಿಯಲ್ಲಿ ನವಲೂರು ದಾಟುವಾಗ ಹೆಲ್ಮೆಟ್ಟಿನೊಳಗೆ ಅವಳು ಜೋರಾಗಿ ಹಾಡುತ್ತಿದ್ದಳು. ಹಿಂದೆ ಸ್ಕೂಟರಿನ ಮೇಲೆ ಮೌನೇಶ, "ಸಾವಕಾಶಽ!" ಎಂದು ಕೂಗುತ್ತಲೇ ಇದ್ದ. ನಾವು ಕೇಳಿಸಿಕೊಳ್ಳಲಿಲ್ಲ.

ಈಗ ನನಗೆ ಮುಪ್ಪು. ಶೆಡ್ಡಿನ ಮೂಲೆಯಲ್ಲಿ ನಿಂತಿರುತ್ತೇನೆ, ಭಾನುವಾರ ಮಾತ್ರ ಹೊರಡುತ್ತೇನೆ. ಎಷ್ಟೋ ಕೈ ನನ್ನನ್ನು ದುಡಿಸಿಕೊಂಡವು. ನನ್ನ ಮೇಲೆ ಕೂತು ಹಾಡಿದವಳು ಒಬ್ಬಳೇ. ಅಂಗಡಿಗೆ ಬಂದವರು ನನ್ನನ್ನು ಸವರಿ, "ಮೌನೇಶಣ್ಣ, ಗಾಡಿ ನಿಮ್ಮದೇನ್ರಿ?" ಎಂದು ಕೇಳುತ್ತಾರೆ.

ಅವನು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ಎದೆಯುಬ್ಬಿಸಿ ಹೇಳುತ್ತಾನೆ:

"ಅಲ್ಲರಿ, ನಮ್ಮ ಮನಿಯವ್ರದ್ದು."