ನಿಂತ ಗಾಡಿಯ ಗೆರೆ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬಿಸಿಲಿಗೆ ಆಗಲೇ ಚುರುಕು ಬಂದಿತ್ತು. ಅಂಥದೊಂದು ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಆ ಜಗಳ ಶುರುವಾದದ್ದು. ಹತ್ತೂಕಾಲು ಎಂದು ಇಷ್ಟು ಗಟ್ಟಿಯಾಗಿ ಹೇಳಬಹುದು. ಆ ಮನೆಯಲ್ಲಿ ಮೂರು ಗಡಿಯಾರಗಳಿದ್ದವು. ಮೂರೂ ಒಂದೇ ಹೊತ್ತು ತೋರಿಸುತ್ತಿದ್ದವು. ತೋರಿಸದಿದ್ದರೆ ಮನೆಯ ಯಜಮಾನ ಬಿಡುತ್ತಿರಲಿಲ್ಲ.

ಮೂವತ್ತೆಂಟು ವರ್ಷ ಅವನು ರೈಲ್ವೆಯ ಕಂಟ್ರೋಲ್ ರೂಮಿನಲ್ಲಿ ಕೂತವನು. ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂದು ಫೋನಿನಲ್ಲಿ ಹೇಳುವ ಕೆಲಸ. ನಿವೃತ್ತಿಯಾಗಿ ಎರಡು ವರ್ಷವಾದರೂ ಬೀದಿಯವರಿಗೆ ಅವನು ಕಂಟ್ರೋಲರೇ. ಹೆಂಡತಿ ಅದೇ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವಳು ಬೀದಿಗೆ ಟೈಲರಮ್ಮ.

"ಬಾ ಇಲ್ಲಿ, ಮುಗೀತು," ಎಂದು ಕಂಟ್ರೋಲರ್ ಊಟದ ಮೇಜಿನಿಂದ ಕೂಗಿದ.

ಟೈಲರಮ್ಮ ಅರ್ಧ ಹೊಲಿದ ತೋಳನ್ನು ಹಾಗೇ ಸೂಜಿಯ ಕೆಳಗೆ ಬಿಟ್ಟು ಬಂದಳು. ಎರಡು ಬೀದಿ ಆಚೆಯ ನಾದಿನಿ ಆಗಲೇ ಟೀ ಲೋಟ ಹಿಡಿದು ಕೂತಿದ್ದಳು. ಅವಳು ಕಂಟ್ರೋಲರನ ತಂಗಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ಬಿಟ್ಟವಳು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಯುರೋಪ್ ಪ್ರವಾಸಕ್ಕೆ ಹೊರಟವರು ಈ ಮೂವರೇ.

ಮೇಜಿನ ಉದ್ದಕ್ಕೂ ಒಂದು ಚಾರ್ಟು ಹಾಸಿತ್ತು, ನಾಲ್ಕು ದೊಡ್ಡ ಹಾಳೆಗಳನ್ನು ಸೇರಿಸಿ ಅಂಟಿಸಿದ್ದು. ಎಡದಿಂದ ಬಲಕ್ಕೆ ದಿನ ಮತ್ತು ಗಂಟೆ. ಮೇಲಿನಿಂದ ಕೆಳಕ್ಕೆ ಊರುಗಳು. ಆ ಊರುಗಳ ಹೆಸರು ನಾಲಿಗೆಗೆ ತೊಡಕು ಎಂದು ಅವನು ಎಲ್ಲಕ್ಕೂ ನಂಬರು ಕೊಟ್ಟಿದ್ದ. ಕೆಲಸದಲ್ಲಿದ್ದಾಗ ದಿನವೂ ಬರೆಯುತ್ತಿದ್ದ ಚಾರ್ಟು ಇದೇ ಥರದ್ದು. ಓಡುವ ಗಾಡಿಗೆ ಓರೆಗೆರೆ, ನಿಂತ ಗಾಡಿಗೆ ಅಡ್ಡಗೆರೆ. ಅಡ್ಡಗೆರೆ ಉದ್ದವಾದಷ್ಟೂ ಮೇಲಿನವರಿಗೆ ಉತ್ತರ ಹೇಳಬೇಕು. ಹಾಗಾಗಿ ಅಡ್ಡಗೆರೆ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಒಂಬತ್ತು ಊರು, ಹದಿನೈದು ದಿನ, ಇಪ್ಪತ್ತೊಂದು ರೈಲು," ಎಂದ. "ಯುರೋಪನ್ನ ಇಷ್ಟು ಚೊಕ್ಕವಾಗಿ ಯಾವ ಟ್ರಾವೆಲ್ಸಿನವನೂ ಕೂರಿಸಿಕೊಡಲ್ಲ."

"ಅಣ್ಣಾ, ಇದರಲ್ಲಿ ಬಾತ್‌ರೂಮಿಗೆ ಹೋಗೋದು ಎಷ್ಟನೇ ನಂಬರಿನ ಊರಲ್ಲಿ?" ಎಂದಳು ನಾದಿನಿ.

"ರೈಲಲ್ಲೇ ಇರುತ್ತೆ," ಎಂದ ಅವನು, ನಗದೆ.

ಟೈಲರಮ್ಮ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಹುಡುಕುತ್ತಿದ್ದಳು. ಒಂದು, ಎರಡು, ಮೂರು. ಒಂಬತ್ತಕ್ಕೆ ಬಂದು ಮತ್ತೆ ಒಂದಕ್ಕೆ ಹೋದಳು.

"ನನ್ನ ಕೆರೆ ಊರು ಎಲ್ಲಿ?"

"ಇದೆಯಲ್ಲ. ಐದಕ್ಕೂ ಆರಕ್ಕೂ ನಡುವೆ." ಅವನು ಕೆಂಪು ಪೆನ್ಸಿಲ್ಲಿನ ತುದಿಯಿಂದ ತೋರಿಸಿದ. ಎರಡು ಓರೆಗೆರೆಗಳ ನಡುವೆ ಅಕ್ಕಿಕಾಳಿನಷ್ಟು ಒಂದು ಅಡ್ಡಗೆರೆ. "ಎಂಟನೇ ದಿನ ಎರಡೂ ಒಂಬತ್ತಕ್ಕೆ ಇಳೀತೀವಿ, ಎರಡೂ ಇಪ್ಪತ್ತಕ್ಕೆ ಮುಂದಿನ ರೈಲು ಹತ್ತುತ್ತೀವಿ. ಹನ್ನೊಂದು ನಿಮಿಷ. ಇನ್ನೊಂದು ಗಾಡಿ ಹಿಡಿದಿದ್ರೆ ಏಳು ನಿಮಿಷದಲ್ಲೇ ಮುಗೀತಿತ್ತು. ನಿನಗೋಸ್ಕರ ಅಂತಲೇ ಹನ್ನೊಂದು ಬಿಟ್ಟಿದ್ದೀನಿ."

ಟೈಲರಮ್ಮ ಮುಂದಿನ ಕೋಣೆಯ ಕಡೆ ನೋಡಿದಳು. ಅವಳ ಹೊಲಿಗೆ ಮಿಷಿನ್ನಿನ ಮೇಲೆ, ಗೋಡೆಯಲ್ಲಿ, ಹತ್ತೊಂಬತ್ತು ವರ್ಷದಿಂದ ಒಂದು ಚಿತ್ರದ ಕಾರ್ಡು ಅಂಟಿಕೊಂಡಿತ್ತು. ಸಣ್ಣ ಸ್ಟೇಷನ್ನು, ಪ್ಲಾಟ್‌ಫಾರಮ್ಮಿನ ಅಂಚಿನಲ್ಲೇ ಕೆರೆ, ಕೆರೆಗೆ ಮುಖ ಮಾಡಿದ ಒಂದು ಬೆಂಚು. ಕಳಿಸಿದ್ದು ಅವಳ ಅಕ್ಕ. ಅಮ್ಮ ಇಲ್ಲದ ಮನೆಯಲ್ಲಿ ತಂಗಿಗೆ ತಲೆ ಬಾಚಿದವಳು, ಸೂಜಿಗೆ ದಾರ ಪೋಣಿಸುವುದು ಕಲಿಸಿದವಳು. ದೊಡ್ಡ ಮನೆಯೊಂದರ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಆ ಮನೆಯವರ ಜೊತೆ ಯುರೋಪಿಗೆ ಹೊರಟು ಹೋದವಳು ಮತ್ತೆ ಬರಲಿಲ್ಲ. ಕಾರ್ಡಿನ ಹಿಂದೆ ಬರೆದಿದ್ದಳು: ರಜೆ ಸಿಕ್ಕಾಗೆಲ್ಲ ಈ ಬೆಂಚಿಗೆ ಬಂದು ಕೂರುತ್ತೇನೆ, ಪಕ್ಕದಲ್ಲಿ ನಿನಗೂ ಜಾಗ ಹಿಡಿದಿರುತ್ತೇನೆ. ನಾಲ್ಕು ವರ್ಷದ ಹಿಂದೆ ಅಲ್ಲಿಯೇ ಸತ್ತಳು. ಸುದ್ದಿ ಫೋನಿನಲ್ಲಿ ಬಂತು.

ಗಂಡ ಮೊದಲ ಸಲ ಯುರೋಪು ಎಂದಾಗ ಟೈಲರಮ್ಮ ಕೇಳಿದ್ದು ಒಂದೇ. ಎಲ್ಲಿಗೆ ಬೇಕಾದರೂ ಕರ್ಕೊಂಡು ಹೋಗಿ, ಆ ಬೆಂಚಿನಲ್ಲಿ ಎರಡು ದಿನ ಕೂರಬೇಕು. ಆಯ್ತು ಎಂದಿದ್ದ.

"ಎರಡು ದಿನ ಅಂದಿದ್ದೆ," ಎಂದಳು ಈಗ.

"ಎರಡು ದಿನ ಅಲ್ಲಿ ಏನು ಮಾಡ್ತೀಯಾ?"

"ಕೂರ್ತೀನಿ."

"ಕೂತು?"

"ಕೂತು, ಆಮೇಲೂ ಕೂರ್ತೀನಿ."

"ಕೂರೋಕೆ ಅಷ್ಟು ದೂರ ಹೋಗಬೇಕಾ? ಇಲ್ಲೇ ಆರು ಕುರ್ಚಿ ಇವೆ. ಅಲ್ಲಿ ನೋಡೋಂಥದ್ದು ಏನೂ ಇಲ್ಲ, ನಾನು ವಿಚಾರಿಸಿದ್ದೀನಿ. ಎರಡು ದಿನ ನಿಂತ್ರೆ ಏಳು, ಎಂಟು, ಒಂಬತ್ತು ಎಲ್ಲಾ ಹಿಂದೆ ಬೀಳುತ್ತೆ."

"ಬೀಳಲಿ ಬಿಡಿ. ಒಳಗೆ ಒಂದಿಂಚು ಬಟ್ಟೆ ಬಿಡದೆ ಹೊಲಿದಿದ್ದೀರಿ ಇದನ್ನ. ಕೈ ಎತ್ತಿದ್ರೆ ಕಂಕುಳು ಹರಿಯುತ್ತೆ. ಹೀಗೆ ಹೊಲಿದು ಕೊಟ್ಟಿದ್ರೆ ನನ್ನ ಗಿರಾಕಿಗಳು ಮುಖಕ್ಕೆ ಎಸೀತಿದ್ರು."

"ಬಟ್ಟೆ ಬೇರೆ, ರೈಲು ಬೇರೆ. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬೇಡ."

ಟೈಲರಮ್ಮ ಮುಂದಿನ ಕೋಣೆಗೆ ಹೋದಳು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸು ಹಿಡಿದು ವಾಪಸು ಬಂದಳು. ಆ ಅಕ್ಕಿಕಾಳಿನ ಮೇಲೆ ಅದನ್ನಿಟ್ಟು, ಅಳತೆಪಟ್ಟಿಯೂ ಇಲ್ಲದೆ, ನೆಟ್ಟಗೆ ಎಳೆದಳು. ನಲವತ್ತು ವರ್ಷ ಬಟ್ಟೆಯ ಮೇಲೆ ಗೆರೆ ಎಳೆದ ಕೈ. ಒಂಬತ್ತು, ಹತ್ತು, ಹನ್ನೊಂದು ಎಲ್ಲ ದಿನಗಳನ್ನೂ ದಾಟಿಕೊಂಡು ಅಡ್ಡಗೆರೆ ಕಾಗದದ ಅಂಚಿಗೆ ಹೋಗಿ ಮುಟ್ಟಿತು.

"ಏ!" ಕಂಟ್ರೋಲರ್ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ತಲೆ ಕೆಟ್ಟಿದೆಯಾ ನಿನಗೆ? ಮೂವತ್ತೆಂಟು ವರ್ಷ ನನ್ನ ಚಾರ್ಟನ್ನ ಒಬ್ಬನೇ ಒಬ್ಬ ಮುಟ್ಟಿರಲಿಲ್ಲ!"

ಒದ್ದೆ ಬಟ್ಟೆ ತಂದು ಉಜ್ಜಿದ. ನೀಲಿ ಹೋಗಲಿಲ್ಲ, ಹರಡಿತು.

"ಉಜ್ಜಿ, ಉಜ್ಜಿ," ಎಂದಳು ಟೈಲರಮ್ಮ. ಅವಳ ದನಿ ಏರಿರಲಿಲ್ಲ; ಏರದ ದನಿಯನ್ನು ಕೇಳಿ ನಾದಿನಿ ಲೋಟ ಕೆಳಗಿಟ್ಟಳು. "ನನ್ನ ಗಾಡಿ ನಿಲ್ಲಿಸೋದು ನಿಮಗೆ ಹೊಸದಾ? ಅಕ್ಕ ಹೊರಟ ದಿನ ನಲವತ್ಮೂರು ನಿಮಿಷ ನಿಲ್ಲಿಸಿದ್ರಲ್ಲ, ಆಗ ಯಾವ ಚಾರ್ಟು ಕೆಟ್ಟಿತ್ತು?"

"ಯಾವ ದಿನ ಅತ್ತಿಗೆ?" ಎಂದಳು ನಾದಿನಿ.

"ಇಪ್ಪತ್ತಾರು ವರ್ಷ ಆಯ್ತು. ನಿನ್ನಣ್ಣನನ್ನೇ ಕೇಳು."

ಅವನು ಉಜ್ಜುತ್ತಲೇ ಇದ್ದ. ಹೇಳಿದ್ದು ಟೈಲರಮ್ಮನೇ. ಆಗ ಅವರಿದ್ದ ಊರಿನಿಂದ ದೊಡ್ಡ ಸ್ಟೇಷನ್ನಿಗೆ ಮೂರು ಗಂಟೆಯ ದಾರಿ. ಅಕ್ಕನ ರೈಲು ಅಲ್ಲಿಂದ ನಾಲ್ಕೂ ಹತ್ತಕ್ಕೆ ಹೊರಡುವುದು, ಇವಳ ಪ್ಯಾಸೆಂಜರ್ ಮೂರೂ ನಲವತ್ತಕ್ಕೆ ಮುಟ್ಟುವುದು. ಅಕ್ಕನಿಗೆಂದು ಒಂದು ಉಣ್ಣೆಯ ಕೋಟು ಹೊಲಿದು, ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಇನ್ನೆರಡು ಸ್ಟೇಷನ್ ಇದೆ ಎನ್ನುವಾಗ ಗಾಡಿ ಪಕ್ಕದ ಹಳಿಗೆ ಸರಿದು ನಿಂತಿತು. ಹಿಂದಿನಿಂದ ದೊಡ್ಡ ಗಾಡಿ ಬಂದು ದಾಟಿಹೋಗುವವರೆಗೆ ನಿಂತೇ ಇತ್ತು. ಇವಳು ಓಡಿ ಪ್ಲಾಟ್‌ಫಾರಮ್ಮಿಗೆ ಬಂದಾಗ ನಾಲ್ಕೂ ಇಪ್ಪತ್ತಮೂರು. ಖಾಲಿ ಹಳಿಯನ್ನು ಒಬ್ಬ ಗುಡಿಸುತ್ತಿದ್ದ.

"ಸಂಜೆ ಮನೆಗೆ ಬಂದ್ರು ನಿನ್ನಣ್ಣ. ಶೂ ಬಿಚ್ಚುತ್ತಾ ಹೇಳಿದ್ರು, ಇವತ್ತು ನಿನ್ನ ಗಾಡೀನ ನಾನೇ ನಲವತ್ಮೂರು ನಿಮಿಷ ಹಿಡಿದೆ, ಹಿಂದೆ ಮೇಲ್ ಗಾಡಿ ಇತ್ತು ಅಂತ. ಪೇಪರಿನ ಸುದ್ದಿ ಓದಿದ ಹಾಗೆ."

"ಹಿಂದೆ ಮೇಲ್ ಇತ್ತು," ಎಂದ ಕಂಟ್ರೋಲರ್, ತಲೆ ಎತ್ತದೆ. "ಅದರಲ್ಲಿ ಒಂಬೈನೂರು ಜನ ಇದ್ರು."

"ನನ್ನ ಗಾಡೀಲಿ ನಾನಿದ್ದೆ."

ಟೈಲರಮ್ಮ ಹೋಗಿ ಮಿಷಿನ್ನಿನ ಮುಂದೆ ಕೂತಳು. ಮಧ್ಯಾಹ್ನದವರೆಗೂ ಮಿಷಿನ್ ಓಡುವ ಸದ್ದು ನಿಲ್ಲಲಿಲ್ಲ.

ಆಮೇಲೆ ಮೂರು ವಾರ ಗಂಡ ಹೆಂಡತಿ ಮಾತಾಡಲಿಲ್ಲ. ಒಂದೇ ಮೇಜಿನಲ್ಲಿ ಉಂಡರು, ಒಂದೇ ಟವೆಲ್ಲಿಗೆ ಕೈ ಒರೆಸಿದರು, ಮಾತು ಮಾತ್ರ ನಾದಿನಿಯ ಮೂಲಕ.

"ನಿನ್ನ ಅತ್ತಿಗೆಗೆ ಹೇಳು, ಸೋಮವಾರ ವೀಸಾ ಆಫೀಸು, ಹತ್ತೂವರೆಗೆ."

"ನಿನ್ನಣ್ಣನಿಗೆ ಹೇಳು, ನನಗೂ ಕಿವಿ ಇದೆ."

"ನಾನೇನು ನಿಮ್ಮಿಬ್ಬರ ಮಧ್ಯದ ಸ್ಟೇಷನ್ ಮಾಸ್ಟರಾ?" ಎಂದು ನಾದಿನಿ ಗೊಣಗುತ್ತಿದ್ದಳು. ಆದರೆ ದಿನವೂ ಬರುತ್ತಿದ್ದಳು. ಬಂದವಳು ಮೊದಲಿನ ಹಾಗೆ ಅಣ್ಣನ ಮೇಜಿನ ಹತ್ತಿರ ಕೂರದೆ ಮುಂದಿನ ಕೋಣೆಯಲ್ಲಿ, ಬಟ್ಟೆಯ ರಾಶಿಯ ಪಕ್ಕ ಕೂತು, ಫೋನಿನಲ್ಲಿ ಏನೋ ಹುಡುಕಿ ಹುಡುಕಿ ಅತ್ತಿಗೆಗೆ ತೋರಿಸುತ್ತಿದ್ದಳು. ಕಂಟ್ರೋಲರ್ ಅದನ್ನು ಗಮನಿಸಲಿಲ್ಲ. ಅವನು ಏಳನೇ ಊರಿನ ಪ್ಲಾಟ್‌ಫಾರಮ್ಮು ಎಷ್ಟು ಉದ್ದ ಎಂದು ತಿಳಿದುಕೊಳ್ಳುತ್ತಿದ್ದ.

ವೀಸಾ ಆಫೀಸಿನಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು, ಗಾಜಿನ ಕಿಟಕಿಗಳು. ಇವರ ನಂಬರು ಬಂದಾಗ ಹತ್ತೂ ಐವತ್ತು. ಇಪ್ಪತ್ತು ನಿಮಿಷ ತಡ ಎಂದು ಕಂಟ್ರೋಲರ್ ಆಗಲೇ ಕೆಂಪಗಾಗಿದ್ದ. ಕಿಟಕಿಯ ಆಚೆ ಕೂತ ಹುಡುಗಿ ಅವನ ದಪ್ಪ ಫೈಲನ್ನು ಎಳೆದುಕೊಂಡಳು. ಇಪ್ಪತ್ತೊಂದು ರೈಲಿನ ಕಾಗದಗಳು, ಒಂದೊಂದಕ್ಕೂ ಬೇರೆ ಬಣ್ಣದ ಚೀಟಿ.

"ಮೂವರದೂ ಒಂದೇ ಪ್ರವಾಸಾನಾ ಸರ್?"

"ಒಂದೇ."

"ಅಲ್ಲ," ಎಂದಳು ಟೈಲರಮ್ಮ.

ಹೊಲಿದ ಬಟ್ಟೆಯ ಚೀಲದಿಂದ ಎರಡು ಫಾರಮ್ಮು ತೆಗೆದು ಗಾಜಿನ ಕೆಳಗೆ ತೂರಿಸಿದಳು. ಎರಡನ್ನೂ ಬರೆದದ್ದು ನಾದಿನಿ, ಟೈಲರಮ್ಮನ ಫಾರಮ್ಮಿನ ಕೆಳಗಿನ ಸಹಿ ಮಾತ್ರ ಅವಳದೇ, ಒಂದೊಂದಕ್ಷರವೂ ಬಿಡಿಸಿದ ಹಾಗಿತ್ತು. ಉಳಿಯುವ ಊರು ಎಂಬ ಜಾಗದಲ್ಲಿ ಒಂದೇ ಹೆಸರು.

ಹುಡುಗಿ ಓದಿ ತಲೆ ಎತ್ತಿದಳು. "ಹನ್ನೆರಡು ರಾತ್ರಿ ಒಂದೇ ಕಡೇನಾ ಅಮ್ಮಾ? ಅಷ್ಟು ದೂರ ಹೋಗಿ ಬೇರೆ ಏನೂ ನೋಡಲ್ವಾ?"

"ಕೂತ ಕಡೆಯಿಂದ ಏನು ಕಾಣುತ್ತೋ ಅದನ್ನೆಲ್ಲ ನೋಡ್ತೀನಿ ಕಣಮ್ಮ."

"ಏನಿದು ನಾಟಕ?" ಕಂಟ್ರೋಲರನ ದನಿಗೆ ಹಿಂದಿನ ಸಾಲಿನವರೂ ತಿರುಗಿದರು. ತಂಗಿಯ ಕಡೆ ನೋಡಿದ. "ನೀನೂನಾ?"

"ನನ್ನ ಮಂಡಿ ಇಪ್ಪತ್ತೊಂದು ರೈಲು ಹತ್ತಲ್ಲ ಅಣ್ಣಾ. ವಾರ್ಡಿಂದ ವಾರ್ಡಿಗೆ ಜೀವಮಾನವೆಲ್ಲ ಓಡಿದ್ದೀನಿ. ಅಲ್ಲೊಂದು ಮನೇಲಿ ರೂಮು ಕೊಡ್ತಾರೆ. ಶುಕ್ರವಾರದಿಂದ ಖಾಲಿ ಇದೆ ಅಂದ್ರು. ನಾವು ನಿನಗಿಂತ ಎರಡು ದಿನ ಮುಂಚೆ ಹೊರಡ್ತೀವಿ."

"ಎರಡು ದಿನ ಬೇಕು ಅಂದಿದ್ದವಳು ಈಗ ಹನ್ನೆರಡಾ?" ಮೂರು ವಾರದ ಮೇಲೆ ಅವನು ಹೆಂಡತಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಎರಡು ಕೇಳಿದ್ದು ನಿಮ್ಮನ್ನ. ಕೇಳೋದು ಮುಗೀತು. ಬೇಕಿದ್ರೆ ನೀವೂ ಬನ್ನಿ, ಬೆಂಚು ಉದ್ದ ಇದೆ."

"ಒಂದು ಗಾಡಿಗೋಸ್ಕರ ಇಡೀ ದಾರಿಯ ಟೈಮು ಕೆಡಿಸೋನಲ್ಲ ನಾನು!"

"ಗೊತ್ತು," ಎಂದಳು ಟೈಲರಮ್ಮ. "ಇಪ್ಪತ್ತಾರು ವರ್ಷದಿಂದ ಗೊತ್ತು."

ಹುಡುಗಿ ಯಾರ ಮುಖವನ್ನೂ ನೋಡದೆ ಮೂರೂ ಫಾರಮ್ಮಿಗೆ ಟಪಟಪ ಮುದ್ರೆ ಒತ್ತಿದಳು.

ಮನೆಗೆ ಬಂದ ಮೇಲೆ ಜಗಳ ಇನ್ನೂ ಎರಡು ಸಲ ಆಯಿತು. ಒಂದು ಸಲ ಬಾಗಿಲು ಬಡಿದ ಹೊಡೆತಕ್ಕೆ ನಡುಮನೆಯ ಗಡಿಯಾರ ನಿಂತೇ ಹೋಯಿತು. ಅದನ್ನು ಸರಿಮಾಡುತ್ತಾ ಅವನು ಹೆಂಡತಿಯ ಕಡೆಯವರನ್ನೆಲ್ಲ ಒಬ್ಬೊಬ್ಬರಾಗಿ ಬೈದ. ಇನ್ನೊಂದು ಸಲ ಅವಳು, ಅವನ ಹೊಸ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಿದ್ದವಳು, ಹಲ್ಲಲ್ಲಿ ದಾರ ಕಚ್ಚಿ ಕಿತ್ತು ಪ್ಯಾಂಟನ್ನು ಅವನ ಕಡೆಗೆ ಎಸೆದಳು. ಆಮೇಲೆ ಅದೂ ನಿಂತಿತು. ಅವನು ಇಪ್ಪತ್ತೊಂದು ರೈಲಿನಲ್ಲೂ ಎರಡೆರಡು ಸೀಟು ವಾಪಸು ಕೊಟ್ಟ. ಅವಳು ಗಿರಾಕಿಗಳ ಬಟ್ಟೆಗಳನ್ನೆಲ್ಲ ಮುಗಿಸಿ, ಕಟ್ಟಿ, ಹೆಸರು ಬರೆದಿಟ್ಟಳು. ವೀಸಾ ಮೂವರಿಗೂ ಬಂತು.

ಹೊರಡುವ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಟೈಲರಮ್ಮ ಪೆಟ್ಟಿಗೆ ತುಂಬುತ್ತಿದ್ದಳು. ತಳದಲ್ಲಿ ಆ ಉಣ್ಣೆಯ ಕೋಟಿತ್ತು. ಗೋಡೆಯ ಮೇಲಿನ ಕಾರ್ಡನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದಳು. ಅದನ್ನು ಇಡಲು ಒಂದು ಲಕೋಟೆ ಬೇಕಾಗಿ ಊಟದ ಮೇಜಿನ ಹತ್ತಿರ ಬಂದಳು. ಅವನು ಇರಲಿಲ್ಲ, ಹಿತ್ತಲಲ್ಲಿ ಶೂ ಉಜ್ಜುವ ಸದ್ದು ಕೇಳುತ್ತಿತ್ತು.

ಚಾರ್ಟು ಹಾಸಿಯೇ ಇತ್ತು. ಎಡಗಡೆಯ ಅಂಚಿಗೆ ಹೊಸದಾಗಿ ಒಂದು ಪಟ್ಟಿ ಅಂಟಿಸಿತ್ತು, ಗೇಣಗಲದ್ದು. ಕಾಗದ ಉಳಿದದ್ದಕ್ಕಿಂತ ಬೆಳ್ಳಗೆ, ಅಂಟು ಇನ್ನೂ ಪೂರ್ತಿ ಆರಿರಲಿಲ್ಲ. ಅದರ ನೆತ್ತಿಯಲ್ಲಿ ಅವನ ದುಂಡು ಅಕ್ಷರದಲ್ಲಿ ಗುರುವಾರ, ಶುಕ್ರವಾರ. ಐದಕ್ಕೂ ಆರಕ್ಕೂ ನಡುವೆ ಸ್ಕೇಲಿಟ್ಟು ಒಂದು ಹೊಸ ಸಾಲು ಎಳೆದಿತ್ತು. ಅದಕ್ಕೆ ನಂಬರಿರಲಿಲ್ಲ, ಊರಿನ ಹೆಸರು ಪೂರ್ತಿ ಬರೆದಿತ್ತು. ಗುರುವಾರದಿಂದ ಹೊರಟ ಒಂದು ಕೆಂಪು ಗೆರೆ ಓರೆಯಾಗಿ ಇಳಿದು ಆ ಸಾಲಿಗೆ ಬಂದು, ಅಲ್ಲಿಂದ ಅಡ್ಡಗೆರೆಯಾಗಿ, ನೀಲಿ ಕಲೆಯ ಮೇಲೂ ಹಾದು, ಹನ್ನೆರಡು ದಿನ ಉದ್ದಕ್ಕೂ ಹೋಗಿತ್ತು. ಶನಿವಾರ ಹೊರಡುವ ಅವನ ಕಪ್ಪು ಗೆರೆ ಒಂದರಿಂದ ಒಂದಕ್ಕೆ ಜಿಗಿಯುತ್ತಾ ಬಂದು, ತನ್ನ ಎಂಟನೇ ದಿನ ಈ ಕೆಂಪು ಗೆರೆಯನ್ನು ಮುಟ್ಟಿ, ಅಕ್ಕಿಕಾಳಿನಷ್ಟು ಹೊತ್ತು ಅದರ ಜೊತೆಗೇ ನಡೆದು, ಮತ್ತೆ ಇಳಿದು ಹೋಗಿತ್ತು.

ಆ ಜಾಗಕ್ಕೆ ಅವಳು ಬಗ್ಗಿದಳು. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ಸವೆದು ಅಲ್ಲಿ ನಾರು ಎದ್ದಿತ್ತು. ಬೆರಳಿಟ್ಟರೆ ಹರಿಯುವಷ್ಟು ತೆಳುವಾಗಿತ್ತು. ಏನೇನು ಬರೆದು ಅಳಿಸಿದ್ದನೋ, ಈಗ ಇದ್ದದ್ದು ಹನ್ನೊಂದೇ ನಿಮಿಷ.

ಲಕೋಟೆ ಸಿಕ್ಕಿತು. ಕಾರ್ಡನ್ನು ಅದರಲ್ಲಿಟ್ಟು ಟೈಲರಮ್ಮ ಮುಂದಿನ ಕೋಣೆಗೆ ಹೋದಳು. ಹಿತ್ತಲಲ್ಲಿ ಶೂ ಉಜ್ಜುವ ಸದ್ದು ಇನ್ನೂ ಕೇಳುತ್ತಿತ್ತು.

ಗುರುವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಟೈಲರಮ್ಮ ಮತ್ತು ನಾದಿನಿ ಹೊರಟರು. ಅವನು ಹೊರಟದ್ದು ಶನಿವಾರ.