ಯಂತ್ರ ಕೂಗಿದ ಜಾಗ

ಬೆಂಗ್ಟ್ ಮೊದಲ ಯಂತ್ರದ ಗುಂಡಿ ಒತ್ತಿದ್ದೇ ತಡ, ಅದು ಇಂದುಮತಿಯ ಕಡೆ ಮೂತಿ ತಿರುಗಿಸಿ ಕಿರುಚಿಕೊಂಡಿತು.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಂದುಮತಿ ಗಾಬರಿಯಿಂದ ಹಿಂದೆ ಸರಿದಳು. ಅದು ಇನ್ನೊಮ್ಮೆ ಕಿರುಚಿತು.

"ನಿಮ್ಮ ಬಳೆ," ಎಂದಳು ಅಂಗಡಿಯವಳು ನಗುತ್ತ. "ಇಷ್ಟು ಬಂಗಾರ ಹಾಕಿಕೊಂಡು ಇಲ್ಲಿಗೆ ಯಾರೂ ಬಂದೇ ಇರಲಿಲ್ಲ." ಒಂದು ಸ್ಟೂಲಿನ ಮೇಲಿದ್ದ ಪೆಟ್ಟಿಗೆಗಳನ್ನು ತೆಗೆದು, ಅದನ್ನು ಕಿಟಕಿಯ ಹತ್ತಿರ ಬಿಸಿಲು ಬೀಳುವ ಕಡೆ ಇಟ್ಟುಕೊಟ್ಟಳು.

"ನೆಲದೊಳಗೆ ಯಾಕೆ ಹುಡುಕಬೇಕು, ನೀವೇ ಇದ್ದೀರಲ್ಲ," ಎಂದ ಬೆಂಗ್ಟ್.

"ನಾನೂ ಹಳೆಯದೇ. ಆದರೆ ಅಗೆಯಬೇಡಿ," ಎಂದಳು ಇಂದುಮತಿ. ಇಬ್ಬರ ಮಾತೂ ಇಂಗ್ಲಿಷಿನಲ್ಲಿ. ಅವಳದು ಕಾಲೇಜಿನ ಇಂಗ್ಲಿಷು, ಅವನದು ಟೀವಿಯ ಇಂಗ್ಲಿಷು. ನಡುವೆ ಸ್ನೇಹ ಆರಾಮಾಗಿ ಓಡಾಡುತ್ತಿತ್ತು.

ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಇಂದುಮತಿ ಸ್ವೀಡನ್ನಿನ ಲಿಂಕೋಪಿಂಗಿನಲ್ಲಿದ್ದ ಮಗಳ ಮನೆಗೆ ಬಂದದ್ದು ಮೇ ತಿಂಗಳಲ್ಲಿ. ಬೇಲಿಯಾಚೆಯ ಬೆಂಗ್ಟ್ ಊರಿನ ಬಸ್ಸು ಓಡಿಸಿ ನಿವೃತ್ತನಾದವನು. ಲೋಹ ಹುಡುಕುವ ಯಂತ್ರಗಳ ಬಗ್ಗೆ ಓದಿ ಓದಿ ತಲೆ ಕೆಟ್ಟಿದ್ದವನಿಗೆ, ಪಕ್ಕದ ಮನೆಗೆ ಭೌತಶಾಸ್ತ್ರದ ಮೇಷ್ಟ್ರಮ್ಮ ಬಂದಿದ್ದಾರೆಂದು ತಿಳಿದದ್ದು ದೇವರು ಕೊಟ್ಟ ವರದಂತಾಯಿತು. ಈ ದೇಶದಲ್ಲಿ ಇಂಥ ಯಂತ್ರ ಹಿಡಿದು ಸ್ವಂತ ಹಿತ್ತಲಿನಲ್ಲಿ ಅಡ್ಡಾಡಲೂ ಜಿಲ್ಲಾಡಳಿತದ ಅನುಮತಿ ಬೇಕು. ಬೆಂಗ್ಟ್ ಚಳಿಗಾಲವೆಲ್ಲ ಕಾದು, ರೋಕ್ಸನ್ ಸರೋವರದ ದಂಡೆಯಲ್ಲಿದ್ದ ತನ್ನ ದಾಯಾದಿಯ ಹೊಲಕ್ಕೆ ಅನುಮತಿ ಪಡೆದಿದ್ದ.

"ಒಂದೇ ಒಂದು ಸಿಕ್ಕರೆ ಸಾಕು," ಎಂದಿದ್ದ ಅವನು. "ಈ ಊರಿನ ರಸ್ತೆಗಳ ಮೇಲೆ ಜೀವಮಾನವಿಡೀ ಓಡಾಡಿದೆ. ಕೆಳಗೆ ಏನಿದೆ ಅಂತ ಒಂದು ದಿನವೂ ನೋಡಲಿಲ್ಲ."

ಅವನ ಕಣ್ಣು ನೆಟ್ಟದ್ದು ದೊಡ್ಡ ಬಣ್ಣದ ಪರದೆಯಿದ್ದ ಯಂತ್ರದ ಮೇಲೆ. ಮಣ್ಣಿನಡಿ ಇರುವ ವಸ್ತುವಿನ ಚಿತ್ರವನ್ನೇ ತೋರಿಸುತ್ತದಂತೆ ಅದು.

"ಓದದೆ ಬಂದ ಹುಡುಗರು ಪರೀಕ್ಷೆಯಲ್ಲಿ ಚಿತ್ರ ಬಿಡಿಸುತ್ತಿದ್ದರು, ಹಾಗೆ ಇದೂ," ಎಂದಳು ಇಂದುಮತಿ. "ಕೆಳಗಿನ ಸುರುಳಿ ಮಣ್ಣಿಗೆ ಒಂದು ಅಲೆ ಕಳಿಸುತ್ತದೆ, ಲೋಹವಿದ್ದರೆ ಅದು ಉತ್ತರ ಕೊಡುತ್ತದೆ. ಅಷ್ಟೇ ಸತ್ಯ. ಉಳಿದದ್ದೆಲ್ಲ ಊಹೆ."

ಬಳೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಅವಳೇ ಪರೀಕ್ಷೆಗೆ ಇಳಿದಳು. ಅಂಗಡಿಯವಳಿಂದ ಒಂದು ತುಕ್ಕು ಹಿಡಿದ ಮೊಳೆ ಇಸಿದುಕೊಂಡು, ಪಕ್ಕದಲ್ಲೇ ಒಂದು ನಾಣ್ಯವಿಟ್ಟು, ಎರಡರ ಮೇಲೂ ಕಾಲೊರಸು ಹಾಸಿದಳು. ಮೊದಲಿನ ಅಗ್ಗದ ಯಂತ್ರ ಮೊಳೆಗೆ ಮಾತ್ರ ಗೊಣಗಿತು. ಪರದೆಯ ಯಂತ್ರ ಎರಡನ್ನೂ ಸೇರಿಸಿ ಒಂದು ಕತ್ತಿಯ ಚಿತ್ರ ತೋರಿಸಿತು. ಮೂರನೆಯದು ನೋಡಲು ನೆಲ ಒರೆಸುವ ಕೋಲಿನಂತಿತ್ತು. ಆದರೆ ಹಲವು ಅಲೆಗಳನ್ನು ಒಟ್ಟಿಗೇ ಕಳಿಸುವಂಥದು. ಮೊಳೆಗೆ ದಪ್ಪ ದನಿಯಲ್ಲಿ ಗುರ್ ಎಂದಿತು, ನಾಣ್ಯಕ್ಕೆ ಸಣ್ಣ ದನಿಯಲ್ಲಿ ಹಾಡಿತು.

"ಒದ್ದೆ ಜೇಡಿಮಣ್ಣಿನಲ್ಲಿ ಮಣ್ಣೇ ಗದ್ದಲ ಮಾಡುತ್ತದೆ. ಅದನ್ನು ಬದಿಗಿಟ್ಟು ಕೇಳುವುದು ಇದಕ್ಕೆ ಗೊತ್ತು," ಎಂದಳು. ಬೆಂಗ್ಟ್ ಪರದೆಯ ಕಡೆ ಕೊನೆಯ ಬಾರಿ ಆಸೆಯಿಂದ ನೋಡಿ, ಕೋಲನ್ನು ಕೊಂಡ.

ಆ ಬೇಸಿಗೆಯಲ್ಲಿ ಯಂತ್ರಕ್ಕೆ ಸಿಕ್ಕಿದ್ದು ಬಾಟಲಿ ಮುಚ್ಚಳ, ಟ್ರ್ಯಾಕ್ಟರಿನ ಬೋಲ್ಟು, ಒಂದು ಮುರಿದ ಚಮಚ. ಬೆಂಗ್ಟ್ ಎಲ್ಲವನ್ನೂ ತೊಳೆದು ಮೆಟ್ಟಿಲ ಮೇಲೆ ಸಾಲಾಗಿ ಒಣಗಿಸುತ್ತಿದ್ದ. ಇಂದುಮತಿ ದಿನವೂ ಬೇಲಿಯ ಬಳಿ ನಿಂತು, ಬೋಲ್ಟನ್ನು ಕೂಡ ಮೊದಲ ಸಲ ಕಂಡವಳಂತೆ ನೋಡಿ ತಲೆದೂಗುತ್ತಿದ್ದಳು.

ಆಗಸ್ಟಿನಲ್ಲಿ ಮಳೆ ಬಾರದೆ ಸರೋವರದ ನೀರು ಹಿಂದೆ ಸರಿಯಿತು. ಒಂದು ಶನಿವಾರ ಬೆಳಿಗ್ಗೆ ಇಂದುಮತಿ ಪೂಜೆ ಮುಗಿಸಿ, ಮಗಳ ಮನೆಯ ಅನ್ನಪೂರ್ಣೆಗೆ ಹಿತ್ತಲಿನ ಗುಲಾಬಿಯ ಎಸಳಿಟ್ಟು ಎದ್ದಿದ್ದಳಷ್ಟೇ. ಅವರ ಕಡೆ ಮದುವೆಯಲ್ಲಿ ತಾಯಿ ಮಗಳಿಗೆ ಬಟ್ಟಲು ಅಕ್ಕಿಯಲ್ಲಿ ಕೂರಿಸಿದ ಅನ್ನಪೂರ್ಣೆಯನ್ನು ಕೊಟ್ಟು ಕಳಿಸುತ್ತಾರೆ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಇಂದುಮತಿಗೆ, ಇಂದುಮತಿಯಿಂದ ಮಗಳು ಲಾವಣ್ಯಾಗೆ ಬಂದ ಕಂಚಿನ ಮೂರ್ತಿ ಅದು, ಅಂಗೈ ಅಗಲದ್ದು. ಬಂದ ಹೊಸತರಲ್ಲಿ ಇಂದುಮತಿ, "ಇಷ್ಟು ಹೊಳಪು ಹ್ಯಾಗೆ ಬಂತೇ?" ಎಂದು ಕೇಳಿದ್ದಳು. "ಹುಣಸೆಹಣ್ಣು ಹಾಕಿ ತಿಕ್ಕಿದೀನಿ ಅಮ್ಮ," ಎಂದಿದ್ದಳು ಲಾವಣ್ಯಾ. ಪರದೇಶದಲ್ಲೂ ಮಗಳು ಹುಣಸೆಹಣ್ಣು ಹಿಡಿದು ದೇವರನ್ನು ತಿಕ್ಕುತ್ತಾಳಲ್ಲ ಎಂದು ಅವಳ ಮನಸ್ಸು ತುಂಬಿತ್ತು.

ಯಾರೋ ಬಾಗಿಲು ದಬದಬ ಬಡಿದರು. ಹೊರಗೆ ಬೆಂಗ್ಟ್. ಮೊಣಕಾಲವರೆಗೂ ಕೆಸರು, ಉಸಿರು ಮೇಲಕ್ಕೆ ಕೆಳಕ್ಕೆ. ಬಾಗಿಲು ತೆರೆದದ್ದೇ, ಕೆಸರು ಬೂಟಿನಲ್ಲೇ ನಡುಮನೆಗೆ ನುಗ್ಗಿಬಿಟ್ಟ. ಈ ದೇಶದಲ್ಲಿ ಬೂಟು ಕಳಚದೆ ಒಳಗೆ ಬಂದವರನ್ನು ಅವಳು ಕಂಡೇ ಇರಲಿಲ್ಲ.

"ಹಾಡಿತು!" ಎಂದ. "ನೀರು ಸರಿದ ಕೆಸರಿನಲ್ಲಿ, ಸಣ್ಣ ದನಿಯಲ್ಲಿ! ನೀವು ಹೇಳಿದ ಹಾಗೇ!"

ಕರವಸ್ತ್ರ ಬಿಡಿಸಿ ಅವಳ ಅಂಗೈಗಿಟ್ಟ. ಪದ್ಮಾಸನ ಹಾಕಿ ಕೂತ ಒಂದು ಸಣ್ಣ ದೇವಿ. ಮೂಗು ಸವೆದಿತ್ತು. ಬಲಗೈ ಮೊಣಕೈಯಿಂದಾಚೆ ಇರಲಿಲ್ಲ.

"ಹಿಂದೊಮ್ಮೆ ನಮ್ಮ ದೇಶದ ಒಂದು ದ್ವೀಪದಲ್ಲಿ ಬುದ್ಧನ ಮೂರ್ತಿ ಸಿಕ್ಕಿತ್ತು, ಗೊತ್ತಾ? ಇಷ್ಟೇ ಎತ್ತರ! ಸಾವಿರ ವರ್ಷಕ್ಕೂ ಹಿಂದೆ ಬಂದದ್ದಂತೆ. ಇದೂ ಹಾಗೇ ಇರಬೇಕು. ಕಂಚು ಸಿಕ್ಕರೆ ಸರಕಾರಕ್ಕೆ ತಿಳಿಸಲೇಬೇಕು, ಆಗಲೇ ಫೋಟೋ ಕಳಿಸಿದೆ. ಸೋಮವಾರ ಅವರ ಪುರಾತತ್ವದವಳು ಬರುತ್ತಾಳೆ, ಪತ್ರಿಕೆಯವರಿಗೂ ನನ್ನ ದಾಯಾದಿ ಹೇಳಿಬಿಟ್ಟಿದ್ದಾನೆ. ಹೇಳಿ ಇಂದುಮತಿ, ನಿಮ್ಮ ಕಡೆಯದಲ್ಲವೇ ಇದು?"

ಇಂದುಮತಿ ಮೂರ್ತಿಯನ್ನು ಬೋರಲು ಹಾಕಿದಳು. ಪೀಠದ ಒಂದು ಅಂಚು ನೆಗ್ಗಿತ್ತು. ಅವಳ ಹೆಬ್ಬೆರಳು ತಾನಾಗಿ ಹೋಗಿ ಆ ನೆಗ್ಗಿನಲ್ಲಿ ಕೂತಿತು.

ಹುರಿದ ಹುಣಸೆಬೀಜ ಒಡೆಯಲು ಕಲ್ಲು ಸಿಗದೆ, ದೇವರ ಜಗುಲಿಯಿಂದ ಅನ್ನಪೂರ್ಣೆಯನ್ನೇ ಎತ್ತಿ ತಂದು, ತಲೆಕೆಳಗೆ ಹಿಡಿದು ಕುಟ್ಟಿದ ಪುಟ್ಟ ಹುಡುಗಿ ಅವಳೇ. ಬೆನ್ನ ಮೇಲೆ ಬಿದ್ದ ಅವ್ವನ ಏಟು, ಆಮೇಲೆ ಅವ್ವ ಅಳುತ್ತ ದೇವಿಗೆ ಹಾಲೆರೆದದ್ದು, ಎಲ್ಲ ಆ ನೆಗ್ಗಿನಲ್ಲಿತ್ತು.

ಅವಳ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಈಗಷ್ಟೇ ಹೂವಿಟ್ಟು ಬಂದೆ. ಒಳಗೆ ಕೂತಿದ್ದಾಳೆ. ಇಲ್ಲೂ ಇದ್ದಾಳೆ. ಕುರ್ಚಿಯ ಬೆನ್ನು ಹಿಡಿದು ನಿಂತಳು.

"ನನಗೂ ಹೀಗೇ ಆಯಿತು," ಎಂದು ಬೆಂಗ್ಟ್ ಮೆಲ್ಲಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಅಡಿಗೆಮನೆಯಿಂದ ನೀರು ತಂದುಕೊಟ್ಟ. ಆಗ ತನ್ನ ಬೂಟಿನ ಗುರುತು ಕಂಡು ನಾಚಿ, ಬಗ್ಗಿ ಕರವಸ್ತ್ರದಿಂದಲೇ ಒರೆಸತೊಡಗಿದ. "ಮಧ್ಯಾಹ್ನ ಕಾಫಿಗೆ ಬನ್ನಿ. ಮೊಟ್ಟೆಯಿಲ್ಲದ ಬನ್ನು ಮಾಡಿದ್ದೇನೆ," ಎಂದು ಮೂರ್ತಿಯನ್ನು ಎದೆಗವಚಿಕೊಂಡು ಹೋದ.

ಇಂದುಮತಿ ದೇವರ ಮುಂದೆ ಹೋಗಿ ನಿಂತಳು. ಗುಲಾಬಿ ಎಸಳನ್ನು ಸರಿಸಿ ಮೂರ್ತಿಯನ್ನು ಎತ್ತಿದಳು. ಪೀಠ ನುಣ್ಣಗಿತ್ತು. ಯಂತ್ರದಲ್ಲಿ ಉಜ್ಜಿದಂತೆ, ಒಂದು ಗೀರೂ ಇಲ್ಲದೆ.

"ಲಾವಣ್ಯಾ!"

ಮಹಡಿಯಿಂದ ಮಗಳೂ ಅಳಿಯ ಸಂಜಯನೂ ಒಟ್ಟಿಗೆ ಓಡಿಬಂದರು. ಅಮ್ಮನ ಕೈಯಲ್ಲಿ ಬೋರಲಾಗಿದ್ದ ಮೂರ್ತಿಯನ್ನು ನೋಡಿದ್ದೇ ಲಾವಣ್ಯಾಳ ಮುಖದ ಬಣ್ಣ ಹೋಯಿತು.

"ಇದು ಯಾರು?" ಎಂದಳು ಇಂದುಮತಿ.

"ಅಮ್ಮ, ಅದು..."

"ನಮ್ಮ ಅನ್ನಪೂರ್ಣಿ ಬೆಂಗ್ಟನ ಕೈಯಾಗ ಅದಾಳ. ಕೆಸರಾಗಿಂದ ಎದ್ದು ಬಂದಾಳ. ಏನ್ ಮಾಡೀದಿ ನೀ?" ಬೆಂಗಳೂರಿನವನಾದ ಅಳಿಯನೆದುರು ಅವಳು ಸದಾ ಹದವಾಗಿ ಮಾತಾಡುವವಳು. ಸಿಟ್ಟು ಬಂದಾಗ ಮಾತ್ರ ಧಾರವಾಡ ಹೊರಬರುತ್ತಿತ್ತು.

ಲಾವಣ್ಯಾ ಮೆಟ್ಟಿಲ ಮೇಲೇ ಕುಸಿದು ಕೂತಳು. "ಮನೆ ಶಿಫ್ಟ್ ಮಾಡೋವಾಗ ಬಾಕ್ಸ್ ಬಿದ್ದು ಕೈ ಮುರೀತಮ್ಮ. ಸೌಟು ಹಿಡಿದ ಕೈ. ಪುರೋಹಿತರಿಗೆ ವಿಡಿಯೋ ಕಾಲ್ ಮಾಡಿದ್ವಿ. ಭಿನ್ನವಾದ ಮೂರ್ತಿ ಮನೇಲಿ ಇಡಬಾರ್ದು, ನೀರಿಗೆ ಬಿಟ್ಟುಬಿಡಿ ಅಂದ್ರು. ಅದೇ ವಾರ ನಿನ್ನ ಹಾರ್ಟ್ ಆಪರೇಷನ್. ಹೆಂಗೆ ಹೇಳ್ಲಿ ನಿಂಗೆ?"

"ಅದಕ್ಕೆ ಇದನ್ನ ತಂದು ಕೂರಿಸಿದಿ. ನಾ ದಿನಾ ಹೂ ಇಟ್ಟೆ."

"ಫೋಟೋ ಕಳಿಸಿ ಬೆಂಗಳೂರಲ್ಲಿ ಮಾಡ್ಸಿದ್ದು ನಾನು, ಅತ್ತೆ," ಎಂದ ಸಂಜಯ್. "ಬೆಂಗ್ಟ್ ಅವರೇ ಒಂದ್ಸಲ ಈಜೋಕೆ ಅಂತ ಅವರ ದಾಯಾದಿ ಹೊಲದ ಹತ್ರದ ದಡ ತೋರಿಸಿದ್ರು. ತೆಂಗಿನಕಾಯಿ ಒಡೆದು, ನಮಸ್ಕಾರ ಮಾಡಿ ಬಿಟ್ವಿ."

"ಎಷ್ಟು ಆಳಕ್ಕೆ?"

ಸಂಜಯ್ ತಲೆ ತಗ್ಗಿಸಿದ. "ಮೊಣಕಾಲಷ್ಟು. ನೀರು ತುಂಬಾ ಕೋಲ್ಡ್ ಇತ್ತು."

ನಗಬೇಕೋ ಅಳಬೇಕೋ ತಿಳಿಯದೆ ಇಂದುಮತಿ ಗೋಡೆ ಹಿಡಿದಳು. ಬೆಂಗ್ಟನ ಮಾತು, ಸೋಮವಾರ ಬರುವ ಪುರಾತತ್ವದವಳು, ಪತ್ರಿಕೆಯವರು, ಎಲ್ಲವನ್ನೂ ಹೇಳಿದಳು. ಸಂಜಯ್ ಬೆಚ್ಚಿಬಿದ್ದ.

"ಅತ್ತೆ, ಪ್ಲೀಸ್, ಏನೂ ಹೇಳ್ಬೇಡಿ. ಇಲ್ಲಿ ಕೆರೆಗೆ ಸಾಮಾನು ಹಾಕಿದ್ರೆ ಕಮ್ಯೂನ್‌ನವರು, ಅಂದ್ರೆ ಮುನಿಸಿಪಾಲಿಟಿಯವರು, ಸುಮ್ನಿರಲ್ಲ. ನಾವು ಪರ್ಮನೆಂಟ್ ರೆಸಿಡೆನ್ಸ್‌ಗೆ ಬೇರೆ ಹಾಕಿದೀವಿ."

"ಮ್ಯೂಸಿಯಂನಲ್ಲಿ ಇಟ್ರೆ ಒಳ್ಳೇದೇ ಅಲ್ವಾ ಅಮ್ಮ?" ಎಂದಳು ಲಾವಣ್ಯಾ. "ಗಾಜಿನ ಪೆಟ್ಟಿಗೆ, ಲೈಟು. ನಮ್ಮನೇಲಿ ಇದ್ದದ್ದಕ್ಕಿಂತ ಮರ್ಯಾದೆ. ಬೆಂಗ್ಟ್ ಅಂಕಲ್‌ಗೂ ಖುಷಿ."

"ಅಲ್ಲಿರೋರು ಕುರುಡರೇನೇ? ಇವತ್ತಲ್ಲ ನಾಳೆ ಕಂಡುಹಿಡೀತಾರ. ಆಗ ಊರೆಲ್ಲ ನಗೋದು ನಿಮ್ಮನ್ನಲ್ಲ. ಅವನನ್ನ." ಇಂದುಮತಿ ಚಪ್ಪಲಿ ಮೆಟ್ಟಿದಳು. "ಅವನು ಒಂದು ಕೇಳಿದ್ದ. ಒಂದೇ ಒಂದು."

ಬೆಂಗ್ಟನ ಅಡಿಗೆಮನೆಯ ಮೇಜಿಗೆ ಮಧ್ಯಾಹ್ನದ ಕಾಫಿಗೆಂದು ಆಗಲೇ ಇಸ್ತ್ರಿ ಮಾಡಿದ ಬಟ್ಟೆ ಹಾಸಿತ್ತು. ನಡುವೆ ದೇವಿ, ಕೆಸರು ತೊಳೆದುಕೊಂಡು. ಬನ್ನಿನ ತಟ್ಟೆ, ಎರಡು ಲೋಟ. ಅವನು ಹೊಸ ಅಂಗಿ ಹಾಕಿದ್ದ.

ಇಂದುಮತಿ ಕೂರಲಿಲ್ಲ. ಕೂತರೆ ಹೇಳಲಾಗದೆಂದು ಗೊತ್ತಿತ್ತು. "ಬೆಂಗ್ಟ್, ಇವಳಿಗೆ ಸಾವಿರ ವರ್ಷವಾಗಿಲ್ಲ. ಇವಳು ನಮ್ಮವಳು. ನನ್ನ ಅಜ್ಜಿಯವಳು. ಕೈ ಮುರಿಯಿತೆಂದು ನನ್ನ ಮಕ್ಕಳು ಎರಡು ವರ್ಷದ ಹಿಂದೆ ನೀರಿಗೆ ಬಿಟ್ಟರು. ನನಗೆ ಇವತ್ತೇ ಗೊತ್ತಾದದ್ದು." ಪೀಠವನ್ನು ತಿರುಗಿಸಿ ನೆಗ್ಗು ತೋರಿಸಿ, ಹುಣಸೆಬೀಜದ ಕತೆ ಹೇಳಿದಳು.

ಕಾಫಿ ಬಗ್ಗಿಸುತ್ತಿದ್ದವನ ಕೈ ಹಾಗೇ ನಿಂತಿತು. ಲೋಟ ತುಂಬಿ, ಇಸ್ತ್ರಿ ಬಟ್ಟೆಯ ಮೇಲೆ ಹರಿಯಿತು. ಅವನು ನೋಡಲಿಲ್ಲ.

"ಎರಡು ವರ್ಷ," ಎಂದ ಕೊನೆಗೆ. ಕುತ್ತಿಗೆಯಿಂದ ಕೆಂಪು ಏರಿ ಕಿವಿಯವರೆಗೂ ಬಂತು. "ನನ್ನ ದಾಯಾದಿಗೆ ಹೇಳಿದೆ. ಬಸ್ ಡಿಪೋದ ಹಳೆಯ ಗೆಳೆಯರಿಗೆಲ್ಲ ಹೇಳಿದೆ."

"ಕ್ಷಮಿಸಿ."

ಅವನು ಎದ್ದು ಫೋನ್ ಹಿಡಿದು ಕಿಟಕಿಗೆ ಮುಖ ಮಾಡಿ ನಿಂತ. ಸ್ವೀಡಿಷ್ ಅವಳಿಗೆ ಅಲ್ಪಸ್ವಲ್ಪವೇ ಬರುತ್ತಿತ್ತು. ಆದರೂ ಅವನ ಬೆನ್ನು ಬಗ್ಗುವುದು ಕಂಡಿತು. ಆಚೆಯಿಂದ ಪುರಾತತ್ವದವಳು ಏನೋ ಕೇಳಿದಳು, ಬೆಂಗ್ಟ್ ತಡೆದು ತಡೆದು ಉತ್ತರಿಸಿದ. ಸಂಜಯನ ಹೆಸರಾಗಲಿ ಲಾವಣ್ಯಾಳ ಹೆಸರಾಗಲಿ ಅವನ ಬಾಯಲ್ಲಿ ಬರಲಿಲ್ಲ.

"ಶನಿವಾರವೂ ಫೋನ್ ಎತ್ತಿದಳು, ಪಾಪ," ಎಂದ ತಿರುಗಿ. "ಹಳೆಯದಲ್ಲ, ಒಡೆಯರು ಸಿಕ್ಕಿದ್ದಾರೆ ಅಂದೆ. ಯಾರು ಅಂದಳು. ಒಬ್ಬ ಅಜ್ಜಿ ಅಂದೆ. ಹಾಗಾದರೆ ಕೊಟ್ಟುಬಿಡಿ ಅಂದಳು." ಕಣ್ಣೆತ್ತಿ ನೇರ ಕೇಳಿದ. "ಒಂದು ಕೈ ಮುರಿದರೆ ನಿಮ್ಮಲ್ಲಿ ನೀರಿಗೆ ಹಾಕಿಬಿಡುತ್ತೀರಾ?"

"ಹಾಕುವುದಲ್ಲ. ಬೀಳ್ಕೊಡುವುದು," ಎಂದಳು ಇಂದುಮತಿ. ಹೇಳುತ್ತಿದ್ದಂತೆ ಆ ಮಾತು ಅವಳ ಕಿವಿಗೇ ಪೊಳ್ಳಾಗಿ ಕೇಳಿಸಿತು. ಅವ್ವನಾಗಿದ್ದರೂ ಹೀಗೇ ಮಾಡುತ್ತಿದ್ದಳು, ತಾನಾಗಿದ್ದರೂ ಹೀಗೇ. ಒಮ್ಮೆ ನೀರಿಗೆ ಬಿಟ್ಟದ್ದನ್ನು ಮರಳಿ ಮನೆಗೆ ತರುವ ಪದ್ಧತಿಯಿಲ್ಲ. ಅದೂ ಅವಳಿಗೆ ಗೊತ್ತು. ಅಷ್ಟು ವರ್ಷ ತರಗತಿಯ ಹುಡುಗರಿಂದ ಯಾಕೆ, ಹೇಗೆ ಎಂದು ಕೇಳಿಸಿದವಳು, ಇದನ್ನು ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ.

ಬೆಂಗ್ಟ್ ಮೂರ್ತಿಯನ್ನು ಎತ್ತಿ ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. ಬೇಡವೆನ್ನಲು ಇಂದುಮತಿ ಬಾಯಿ ತೆರೆದಳು. ಅಷ್ಟರಲ್ಲಿ ತನ್ನ ಕೈ ಮುಂದೆ ಹೋಗಿ ಅದನ್ನು ಇಸಿದುಕೊಂಡದ್ದನ್ನು ಕಂಡು, ಯಾರದೋ ಕೈಯೆಂಬಂತೆ ಬೆರಗಾಗಿ ನೋಡಿದಳು.

ಸೆರಗಿನಲ್ಲಿ ಮುಚ್ಚಿಕೊಂಡು ಬಂದಾಗ ಲಾವಣ್ಯಾ ಬಾಗಿಲಲ್ಲೇ ನಿಂತಿದ್ದಳು. ಸೆರಗಿನ ಉಬ್ಬು ಕಂಡು ಅವಳ ಕಣ್ಣು ಅಗಲವಾಯಿತು. "ಅಮ್ಮ! ಅದನ್ನ ಮತ್ತೆ ಒಳಗೆ ತರಬಾರ್ದು!"

"ಗೊತ್ತು," ಎಂದಳು ಇಂದುಮತಿ. "ದಾರಿ ಬಿಡು."

ಲಾವಣ್ಯಾ ಕದಲಲಿಲ್ಲ. ಇಂದುಮತಿಯೂ ಕದಲಲಿಲ್ಲ. ಬೇಲಿಯಾಚೆ ಮೆಟ್ಟಿಲ ಮೇಲೆ ಹೊಸ ಅಂಗಿಯಲ್ಲಿ ನಿಂತು ಬೆಂಗ್ಟ್ ನೋಡುತ್ತಿದ್ದ. ಆಮೇಲೆ ಮಗಳು, ಯಾಕೆಂದು ತನಗೇ ತಿಳಿಯದವಳಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.